ಮೇಣದ ಬಿಲ್ಲೆಯಲ್ಲಿ ಮನೆತನದ ಸುದ್ದಿ

ಬೇಲೂರಿನ ಚೆನ್ನಕೇಶವನ ಗುಡಿಗೆ ಹೋದವರು ಮೊದಲು ತಲೆಯೆತ್ತಿ ಮದನಿಕೆಯರನ್ನು ನೋಡುತ್ತಾರೆ. ತುಸು ನಿಧಾನಿಸಿದವರ ಕಣ್ಣಿಗೆ ಇನ್ನೊಂದು ಸಂಗತಿಯೂ ಬೀಳುತ್ತದೆ. ಕೆಲವು ವಿಗ್ರಹಗಳ ಪೀಠದಲ್ಲಿ ಅವನ್ನು ಕಡೆದ ರೂವಾರಿಯ ಹೆಸರಿದೆ. ಬಳ್ಳಿಗಾವೆಯ ದಾಸೋಜನ ಹೆಸರೂ ಅವನ ಮಗ ಚಾವಣನ ಹೆಸರೂ ಅಲ್ಲಿ ಸಿಕ್ಕುತ್ತವೆ. ಹಳೇಬೀಡಿನಲ್ಲಿಯೂ ಇಂತಹ ಹೆಸರುಗಳುಂಟು. ಹಳೆಯ ಅಕ್ಷರ ಬಲ್ಲವರಿಗೆ ಅದು ತಂದೆ ಮಕ್ಕಳ ಸುದ್ದಿ. ಉಳಿದವರಿಗೆ ಬರಿಯ ಗೀಚು.

ನಮ್ಮ ಮೈಯ ಜೀವಕಣಗಳಲ್ಲಿಯೂ ಇಂತಹ ಗುರುತುಗಳಿವೆ. ಅವು ಪ್ರೋಟೀನುಗಳು. ದೊಡ್ಡ ಕರುಳಿನಲ್ಲಾಗಲಿ ಮಲಾಶಯದಲ್ಲಾಗಲಿ ಕ್ಯಾನ್ಸರು ಕಾಣಿಸಿಕೊಂಡಾಗ, ಆ ಗಂಟಿನ ಒಂದು ಚೂರಿನಲ್ಲಿ ಈ ಗುರುತುಗಳನ್ನು ಓದಬಹುದು. ಓದಿದರೆ ರೋಗಿಯ ಸುದ್ದಿಯಷ್ಟೇ ಅಲ್ಲ, ಅವನ ಒಡಹುಟ್ಟಿದವರ ಮತ್ತು ಮಕ್ಕಳ ಸುದ್ದಿಯೂ ತಿಳಿಯಬಹುದು. ಅದು ಹೇಗೆಂಬುದನ್ನು ನೋಡೋಣ.

ಅರಸೀಕೆರೆಯ ಸುತ್ತಿನ ಹಳ್ಳಿಯೊಂದರಲ್ಲಿ ತೆಂಗಿನ ತೋಟ ಮಾಡಿಕೊಂಡಿರುವ ಗೃಹಸ್ಥರೊಬ್ಬರನ್ನು ಊಹಿಸಿಕೊಳ್ಳಿ. ವಯಸ್ಸು ನಲವತ್ತನಾಲ್ಕು. ಮಲದಲ್ಲಿ ರಕ್ತ ಕಾಣಿಸುತ್ತದೆ. 'ಉಷ್ಣವಾಗಿದೆ, ಮೂಲವ್ಯಾಧಿ ಇರಬೇಕು' ಎಂದು ಎಳನೀರು, ಮಜ್ಜಿಗೆ ಕುಡಿದುಕೊಂಡು ಆರು ತಿಂಗಳು ತಳ್ಳುತ್ತಾರೆ. ಮೈ ಇಳಿಯುತ್ತದೆ, ಸುಸ್ತು ಹೆಚ್ಚುತ್ತದೆ. ಕೊನೆಗೆ ಹಾಸನಕ್ಕೋ ಬೆಂಗಳೂರಿಗೋ ಹೋದಾಗ ವೈದ್ಯರು ದೀಪವಿರುವ ಕೊಳವೆಯನ್ನು ಒಳಗೆ ಬಿಟ್ಟು ನೋಡಿ, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ರೋಗ ಖಚಿತವಾಗುತ್ತದೆ, ಶಸ್ತ್ರಚಿಕಿತ್ಸೆಯೂ ಆಗುತ್ತದೆ. 'ಗಂಟೆಲ್ಲ ತೆಗೆದರಂತೆ' ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆದರೆ ತೆಗೆದ ಗಂಟು ಎಲ್ಲಿ ಹೋಯಿತೆಂದು ಕೇಳುವವರು ಕಡಿಮೆ.

ಅದು ಫಾರ್ಮಲಿನ್ ಎಂಬ ದ್ರವಕ್ಕೆ ಹೋಗುತ್ತದೆ. ತಡಮಾಡದೆ ಹಾಕಬೇಕು, ದ್ರವವೂ ಧಾರಾಳವಾಗಿರಬೇಕು. ಇಲ್ಲವಾದರೆ ಅಂಗಾಂಶ ಕೆಟ್ಟು ಗುರುತುಗಳು ಅಳಿಸಿಹೋಗುತ್ತವೆ. ಆಮೇಲೆ ಅದರ ಆಯ್ದ ಚೂರುಗಳನ್ನು ಕಾಸಿದ ಮೇಣದಲ್ಲಿ ಅದ್ದಿ ಆರಿಸಿ ಬಿಲ್ಲೆ ಮಾಡುತ್ತಾರೆ. ಆಸ್ಪತ್ರೆಯ ಮಾತಿನಲ್ಲಿ ಇದೇ 'ಬ್ಲಾಕು'. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಇದರಿಂದ ಒಂದು ಮಿಲಿಮೀಟರಿನಲ್ಲಿ ಇನ್ನೂರೈವತ್ತನೆಯ ಒಂದು ಭಾಗದಷ್ಟು ತೆಳುವಾದ ಪದರವನ್ನು ಯಂತ್ರದಿಂದ ಹೆರೆದು ಗಾಜಿನ ಮೇಲೆ ಅಂಟಿಸುತ್ತಾರೆ.

ಇನ್ನು ಗುರುತು ಓದುವ ಕೆಲಸ. ರೋಗಾಣು ಹೊಕ್ಕಾಗ ಅದನ್ನೇ ಹುಡುಕಿ ಹಿಡಿಯುವ ಪ್ರತಿಕಾಯಗಳೆಂಬ ವಸ್ತುಗಳು ನಮ್ಮ ರಕ್ತದಲ್ಲಿ ಹುಟ್ಟುವುದನ್ನು ನೀವು ಬಲ್ಲಿರಿ. ಒಂದೊಂದು ಪ್ರತಿಕಾಯ ಒಂದೊಂದು ಪ್ರೋಟೀನಿಗೆ ಮಾತ್ರ ಅಂಟಿಕೊಳ್ಳುವಂತೆ ಪ್ರಯೋಗಶಾಲೆಯಲ್ಲಿಯೂ ಇವನ್ನು ತಯಾರಿಸುತ್ತಾರೆ. ಗಾಜಿನ ಮೇಲಿನ ಪದರಕ್ಕೆ ಅದನ್ನು ಹಾಕಿ, ಅದು ಅಂಟಿದ ಕಡೆ ಕಂದು ಬಣ್ಣ ಏಳುವಂತೆ ಮಾಡುತ್ತಾರೆ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂದು ಕಂಡರೆ ಆ ಪ್ರೋಟೀನು ಅಲ್ಲಿದೆ; ಬರಿಯ ನೀಲಿ ಕಂಡರೆ ಇಲ್ಲ.

ಕರುಳಿನ ಕ್ಯಾನ್ಸರಿನಲ್ಲಿ ಹೀಗೆ ಮುಖ್ಯವಾಗಿ ಹುಡುಕುವುದು ನಾಲ್ಕು ಪ್ರೋಟೀನುಗಳನ್ನು: ಎಂ.ಎಲ್.ಎಚ್.1, ಪಿ.ಎಂ.ಎಸ್.2, ಎಂ.ಎಸ್.ಎಚ್.2, ಎಂ.ಎಸ್.ಎಚ್.6. ಹೆಸರು ಬಾಯಿಗೆ ಬರದಿದ್ದರೂ ಚಿಂತೆಯಿಲ್ಲ. ಅವುಗಳ ಕೆಲಸ ತಿಳಿದರೆ ಸಾಕು. ಅಚ್ಚುಕೂಟದಲ್ಲಿ ಕರಡಚ್ಚು ತಿದ್ದುವವರಿರುತ್ತಾರಲ್ಲ, ಇವು ಜೀವಕಣದ ಕರಡು ತಿದ್ದುವವರು. ಕಣವೊಂದು ಎರಡಾಗುವಾಗ ಅದರ ಡಿ.ಎನ್.ಎ. ಬರಹವೆಲ್ಲ ನಕಲಾಗಬೇಕು. ಅಲ್ಲಲ್ಲಿ ಅಕ್ಷರ ತಪ್ಪುತ್ತದೆ. ಈ ಪ್ರೋಟೀನುಗಳು ಜೋಡಿ ಜೋಡಿಯಾಗಿ ಸೇರಿ ಆ ತಪ್ಪನ್ನು ಗುರುತಿಸಿ ತಿದ್ದಿಸುತ್ತವೆ. ಇವುಗಳಲ್ಲೊಂದು ಕಾಣೆಯಾದರೆ ತಪ್ಪುಗಳು ರಾಶಿ ಬೀಳುತ್ತವೆ. ಕಣ ಅಂಕೆ ತಪ್ಪಿ ಬೆಳೆಯುವ ಸಂಭವ ಹೆಚ್ಚುತ್ತದೆ. ಈ ತಿದ್ದುವ ಕೆಲಸ ನಡೆಯುವ ಬಗೆಯನ್ನು ಬಿಡಿಸಿ ತೋರಿಸಿದ ಪಾಲ್ ಮಾಡ್ರಿಚ್ ಅವರು 2015ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನವನ್ನು ಇನ್ನಿಬ್ಬರೊಡನೆ ಪಡೆದರು.

ಇಲ್ಲಿ ಒಂದು ಎಚ್ಚರವುಂಟು. ಬಣ್ಣ ಬರಲಿಲ್ಲವೆಂದರೆ ಪ್ರೋಟೀನು ಇಲ್ಲವೆಂದೇ, ಅಥವಾ ಪರೀಕ್ಷೆಯೇ ಕೆಟ್ಟಿತೆಂದೇ? ಇದಕ್ಕೆ ಸಾಕ್ಷಿ ಅದೇ ಗಾಜಿನಲ್ಲಿದೆ. ಕ್ಯಾನ್ಸರು ಕಣಗಳ ನಡುವೆ ಇರುವ ಆರೋಗ್ಯವಂತ ಕಣಗಳು ಕಂದಾಗಿ, ಕ್ಯಾನ್ಸರು ಕಣಗಳು ಮಾತ್ರ ನೀಲಿಯಾಗಿ ಉಳಿದರೆ ಅದು ನಿಜವಾದ ಕೊರತೆ. ಎರಡೂ ನೀಲಿಯಾದರೆ ಪರೀಕ್ಷೆಯನ್ನು ನಂಬುವಂತಿಲ್ಲ, ಮತ್ತೆ ಮಾಡಬೇಕು.

ಕೆಲವು ಮನೆತನಗಳಲ್ಲಿ ಈ ಕೊರತೆ ವಂಶದಲ್ಲಿಯೇ ಇಳಿದು ಬರುತ್ತದೆ. ಅಮೆರಿಕದ ಮಿಷಿಗನ್ನಿನಲ್ಲಿ 1895ರಲ್ಲಿ ಹೊಲಿಗೆ ಕೆಲಸದ ಹೆಂಗಸೊಬ್ಬಳು, ತನ್ನ ಮನೆಯವರು ಅನೇಕರು ಕರುಳಿನ ಇಲ್ಲವೆ ಗರ್ಭಕೋಶದ ಕ್ಯಾನ್ಸರಿನಿಂದ ಸತ್ತರೆಂದೂ, ತನಗೂ ಅದೇ ಗತಿಯೆಂದೂ ಡಾ. ವಾರ್ಥಿನ್ ಎಂಬ ವೈದ್ಯರಿಗೆ ಹೇಳಿದಳು. ಆಕೆಯ ಮಾತೇ ನಿಜವಾಯಿತು. ಡಾ. ವಾರ್ಥಿನ್ ಆ ವಂಶದ ವಿವರವನ್ನು 1913ರಲ್ಲಿ ಪ್ರಕಟಿಸಿದರು. 1966ರಲ್ಲಿ ಡಾ. ಹೆನ್ರಿ ಲಿಂಚ್ ಇಂತಹ ಇನ್ನೆರಡು ಮನೆತನಗಳನ್ನು ವರ್ಣಿಸಿದರು. ಈ ದೋಷಕ್ಕೆ ಲಿಂಚರ ಹೆಸರೇ ನಿಂತಿತು. ಕಾರಣವಾದ ಜೀನುಗಳು 1993ರಿಂದೀಚೆಗೆ ಒಂದೊಂದಾಗಿ ಸಿಕ್ಕಿದವು. ತಂದೆ ತಾಯಿಯರಲ್ಲಿ ಒಬ್ಬರಿಗೆ ಈ ದೋಷವಿದ್ದರೆ ಪ್ರತಿಯೊಂದು ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಬರುವ ಸಂಭವ ಅರ್ಧಕ್ಕರ್ಧ.

ಆದರೆ ಕೊರತೆ ಕಂಡಿತೆಂದ ಮಾತ್ರಕ್ಕೆ ವಂಶದ ದೋಷವೆಂದು ಹೆದರಬೇಕಾದುದಿಲ್ಲ. ಪಾಶ್ಚಾತ್ಯ ದೇಶಗಳ ಲೆಕ್ಕದಂತೆ ಕರುಳಿನ ಕ್ಯಾನ್ಸರು ಬಂದ ನೂರು ಮಂದಿಯಲ್ಲಿ ಸುಮಾರು 15 ಮಂದಿಗೆ ಈ ಕೊರತೆ ಇರುತ್ತದೆ. ವಂಶದಿಂದ ಬಂದದ್ದು ಸುಮಾರು 3 ಮಂದಿಗೆ ಮಾತ್ರ. ಮುಪ್ಪಿನಲ್ಲಿ ಎಂ.ಎಲ್.ಎಚ್.1 ಜೀನು ತಾನಾಗಿಯೇ ಮುಚ್ಚಿಕೊಳ್ಳುವುದುಂಟು; ಅದು ಮಕ್ಕಳಿಗೆ ಹೋಗುವುದು ತೀರ ಅಪರೂಪ. ಯಾವುದು ಹೌದು, ಯಾವುದು ಅಲ್ಲ ಎಂಬುದನ್ನು ಮುಂದಿನ ಪರೀಕ್ಷೆಗಳು ಹೇಳುತ್ತವೆ.

ತಿಳಿದುಕೊಂಡು ಆಗಬೇಕಾದುದೇನು ಎಂದು ನೀವು ಕೇಳಬಹುದು. ಮೊದಲನೆಯದು ಔಷಧದ ಆಯ್ಕೆ. ರೋಗ ಎರಡನೆಯ ಹಂತದಲ್ಲಿದ್ದು ಈ ಕೊರತೆ ಇರುವವರಿಗೆ ಫ್ಲೂರೊಯುರಾಸಿಲ್ ಎಂಬ ಹಳೆಯ ಮದ್ದೊಂದನ್ನೇ ಕೊಡುವುದರಿಂದ ಲಾಭ ಕಾಣದು. ಬದಲಾಗಿ, ತಪ್ಪುಗಳು ತುಂಬಿದ ಕಣ ವಿಚಿತ್ರವಾದ ಪ್ರೋಟೀನುಗಳನ್ನು ಹೊತ್ತಿರುವುದರಿಂದ ದೇಹದ ರಕ್ಷಕ ಕಣಗಳು ಅದನ್ನು ಸುಲಭವಾಗಿ ಗುರುತಿಸಬಲ್ಲವು. ಕ್ಯಾನ್ಸರು ಅವುಗಳಿಗೆ ಹಾಕಿರುವ ಕಡಿವಾಣವನ್ನು ಸಡಿಲಿಸುವ ಔಷಧಗಳು ಈಗ ಬಂದಿವೆ. 2022ರಲ್ಲಿ ನ್ಯೂಯಾರ್ಕಿನ ವೈದ್ಯರು ಈ ಕೊರತೆಯಿದ್ದ ಮಲಾಶಯದ ಕ್ಯಾನ್ಸರಿನ 12 ಮಂದಿಗೆ ಇಂತಹ ಔಷಧವೊಂದನ್ನೇ ಕೊಟ್ಟು ನೋಡಿದಾಗ, ಹನ್ನೆರಡು ಮಂದಿಯಲ್ಲಿಯೂ ಗಂಟು ಕಾಣದಾಯಿತು. ಬೆಲೆ ಮಾತ್ರ ಬಹಳ ದುಬಾರಿ. ಎಲ್ಲರಿಗೂ ಇದು ಹೊಂದುವುದೂ ಇಲ್ಲ. ಹೊಂದುವುದು ಯಾರಿಗೆಂದು ಹೇಳುವುದೇ ಆ ಕಂದು ಬಣ್ಣದ ಪರೀಕ್ಷೆ.

ಎರಡನೆಯದು, ಇನ್ನೂ ದೊಡ್ಡದು, ಮನೆಯವರ ರಕ್ಷಣೆ. ದೋಷ ವಂಶದ್ದೆಂದು ತಿಳಿದರೆ ರೋಗಿಯ ತಮ್ಮ, ತಂಗಿ, ಮಕ್ಕಳು ರಕ್ತಪರೀಕ್ಷೆ ಮಾಡಿಸಿಕೊಳ್ಳಬಹುದು. ದೋಷವಿರುವವರು ಸಾಮಾನ್ಯವಾಗಿ 20-25ನೆಯ ವಯಸ್ಸಿನಿಂದ ಒಂದೆರಡು ವರ್ಷಕ್ಕೊಮ್ಮೆ ಕೊಳವೆಯ ಪರೀಕ್ಷೆ ಮಾಡಿಸಬೇಕು. ಪಾಲಿಪ್ ಎಂಬ ಸಣ್ಣ ದುರ್ಮಾಂಸವನ್ನು ಆಗಲೇ ತೆಗೆದುಹಾಕಿದರೆ ಅದು ಕ್ಯಾನ್ಸರಾಗುವುದು ತಪ್ಪುತ್ತದೆ. ಹೆಂಗಸರು ಗರ್ಭಕೋಶದ ವಿಚಾರವಾಗಿಯೂ ವೈದ್ಯರನ್ನು ಕೇಳಬೇಕು. ದೋಷ ಬಾರದವರಿಗೆ ಈ ಭಯವೇ ಇಲ್ಲ.

ಸಿ.ಇ.ಎ. ಎಂಬ ರಕ್ತಪರೀಕ್ಷೆಯ ಹೆಸರನ್ನು ಕೆಲವರು ಕೇಳಿರಬಹುದು. ಅದೂ ಒಂದು ಪ್ರೋಟೀನೇ. 1965ರಲ್ಲಿ ಕೆನಡಾದ ಗೋಲ್ಡ್ ಮತ್ತು ಫ್ರೀಡ್‌ಮನ್ ಎಂಬವರು ಕರುಳಿನ ಕ್ಯಾನ್ಸರಿನಲ್ಲಿ ಅದನ್ನು ಕಂಡರು. ಚಿಕಿತ್ಸೆಯಾದ ಮೇಲೆ ರೋಗ ಮರುಕಳಿಸಿತೇ ಎಂದು ಕಾಯುವುದಕ್ಕೆ ಅದು ಒಳ್ಳೆಯದು. ಬೀಡಿ ಸಿಗರೇಟು ಸೇದುವವರಲ್ಲಿಯೂ ಅದು ಏರುವುದರಿಂದ, ರೋಗವಿದೆಯೋ ಇಲ್ಲವೋ ಎಂದು ಅದೊಂದರಿಂದಲೇ ತೀರ್ಮಾನಿಸಲಾಗದು. ಅದು ಮೇಣದ ಬಿಲ್ಲೆಯ ಪರೀಕ್ಷೆಗೆ ಬದಲಿಯೂ ಅಲ್ಲ.

ಆದುದರಿಂದ ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಶಸ್ತ್ರಚಿಕಿತ್ಸೆ ಆಗಿದ್ದರೆ ವೈದ್ಯರನ್ನು ಮೂರು ಮಾತು ಕೇಳಿರಿ. ಬ್ಲಾಕು ಎಲ್ಲಿದೆ? ನಾಲ್ಕು ಪ್ರೋಟೀನುಗಳ ಪರೀಕ್ಷೆ ಆಗಿದೆಯೇ? ಕೊರತೆ ಕಂಡಿದ್ದರೆ ಅದು ವಂಶದ್ದೇ? ಪರೀಕ್ಷೆ ಆಗಿಲ್ಲವಾದರೆ ರೋಗಿಯೇ ಮತ್ತೆ ಅರಸೀಕೆರೆಯಲ್ಲಿ ರೈಲು ಹತ್ತಬೇಕೆಂದಿಲ್ಲ. ಬಿಲ್ಲೆಯನ್ನು ಬೆಂಗಳೂರಿನ ಪ್ರಯೋಗಶಾಲೆಗೆ ಕಳಿಸಿದರೆ ಸಾಕು. ಸರಿಯಾಗಿ ಇಟ್ಟ ಬಿಲ್ಲೆ ವರ್ಷಗಳ ಮೇಲೂ ಓದಲು ಬರುತ್ತದೆ. ರೋಗಿ ತೀರಿಕೊಂಡಿದ್ದರೂ ಉಳಿದವರಿಗಾಗಿ ಅದನ್ನು ಓದಿಸಬಹುದು. ಆದರೆ ಆಸ್ಪತ್ರೆಗಳು ಅದನ್ನು ಎಂದೆಂದಿಗೂ ಇಟ್ಟುಕೊಂಡಿರುವುದಿಲ್ಲ. ಕೇಳುವುದಾದರೆ ಬೇಗ ಕೇಳಬೇಕು.

ಇನ್ನೊಂದು ಮಾತು. ಮನೆಯ ಹಿರಿಯರು ಯಾವ ರೋಗದಿಂದ ತೀರಿಕೊಂಡರೆಂಬುದನ್ನು ನಮ್ಮಲ್ಲಿ ಮುಚ್ಚಿಡುವುದುಂಟು; ಹೆಣ್ಣುಮಕ್ಕಳ ಮದುವೆಗೆ ತೊಡಕಾದೀತೆಂಬ ಅಂಜಿಕೆ. ಆ ಅಂಜಿಕೆ ಅರ್ಥವಾಗುವಂಥದೇ. ಆದರೂ ವೈದ್ಯರ ಮುಂದೆ ಅದನ್ನು ಬಿಚ್ಚಿ ಹೇಳಿರಿ. ಆ ಹೊಲಿಗೆಯ ಹೆಂಗಸು ಬಾಯಿಬಿಟ್ಟು ಹೇಳಿದ್ದರಿಂದಲೇ ಇಷ್ಟೆಲ್ಲ ಹುಡುಕಾಟಕ್ಕೆ ದಾರಿಯಾಯಿತು. ಆಕೆಯ ಕಾಲದಲ್ಲಿ ತಿಳಿದರೂ ಮಾಡುವಂತಹುದು ಏನೂ ಇರಲಿಲ್ಲ. ಈಗ ಇದೆ.