ಹೂಡಿಯ ಹಕ್ಕಿಗಳ ಹಾಜರಿ

"ಧಾರವಾಡದಿಂದ ಬೆಂಗಳೂರಿನ ಹೂಡಿಗೆ ಬಂದು ಮೂರು ತಿಂಗಳಾಯಿತು. ಬಾಲ್ಕನಿಯಲ್ಲಿ ಪಾರಿವಾಳ ಬಿಟ್ಟರೆ ಬೇರೇನೂ ಕಾಣೆ. ಹಕ್ಕಿ ನೋಡಲು ಎಲ್ಲಿಗೆ ಹೋಗಲಿ, ಯಾವ ಕ್ಯಾಮೆರಾ ಕೊಳ್ಳಲಿ?" ಎಂದು ಓದುಗರೊಬ್ಬರು ಕೇಳಿದ್ದಾರೆ.

ಕ್ಯಾಮೆರಾ ಸದ್ಯಕ್ಕೆ ಬೇಡ. ಎಂಟು ಪಟ್ಟಿನ ದುರ್ಬೀನು ಸಿಕ್ಕರೆ ಒಳ್ಳೆಯದು, ಒಂದು ನೋಟ್‌ಬುಕ್ಕಂತೂ ಬೇಕೇಬೇಕು. ಹೊಸಕೋಟೆಯ ದೊಡ್ಡಕೆರೆಗೆ ಆಮೇಲೆ ಹೋಗಿ. ಮೊದಲು ನಿಮ್ಮ ಹೂಡಿಯ ಗಿದ್ದನಕೆರೆಯ ದಡದಲ್ಲೋ, ಇನ್ನೂ ಪಾಯ ತೋಡದ ಯಾವುದಾದರೂ ಖಾಲಿ ಸೈಟಿನ ಪಕ್ಕದಲ್ಲೋ ಬೆಳಗ್ಗೆ ಹದಿನೈದು ನಿಮಿಷ ನಿಲ್ಲಿ. ಕೆರೆಯಲ್ಲಿ ನೀರುಕಾಗೆ, ಗುಳುಮುಳುಕ, ಮಿಂಚುಳ್ಳಿ ಕಾಣಸಿಗಬಹುದು. ಖಾಲಿ ಸೈಟಿನಲ್ಲಿ ಟಿಟ್ಟಿಭ ಬೊಬ್ಬೆ ಹೊಡೆದರೆ ಕಾಲಿಡುವ ಮುನ್ನ ನೆಲ ನೋಡಿ. ಅದು ಗೂಡು ಕಟ್ಟುವ ಗೋಜಿಗೆ ಹೋಗದೆ ಜಲ್ಲಿಯ ನಡುವೆಯೇ ಮೊಟ್ಟೆಯಿಡುತ್ತದೆ, ಮೊಟ್ಟೆಯೂ ಜಲ್ಲಿಯ ಬಣ್ಣದ್ದೇ.

ಕಂಡದ್ದನ್ನೆಲ್ಲ ಬರೆಯಿರಿ. ಅಪರೂಪದ್ದನ್ನು ಮಾತ್ರವಲ್ಲ, ಕಾಗೆಯನ್ನೂ. ಮೇಷ್ಟರ ಹಾಜರಿ ಪುಸ್ತಕ ನೆನಪಿದೆಯಲ್ಲ? ಬಂದವರ ಹೆಸರನ್ನಷ್ಟೇ ಮೇಷ್ಟರು ತೋಚಿದಾಗ ಗೀಚಿಕೊಂಡಿದ್ದರೆ, ಪುಸ್ತಕದಲ್ಲಿ ಇಲ್ಲದ ಹುಡುಗ ಶಾಲೆಗೆ ಬರಲಿಲ್ಲವೋ ಮೇಷ್ಟರೇ ಮರೆತರೋ ಹೇಳುವುದು ಹೇಗೆ? ದಿನವೂ ಎಲ್ಲರ ಹೆಸರು ಕೂಗಿದ್ದರಿಂದಲೇ ಗೈರುಹಾಜರಿಗೆ ಬೆಲೆ. ಹಕ್ಕಿಪಟ್ಟಿಯೂ ಹಾಗೆಯೇ. ಎಷ್ಟು ಹೊತ್ತು ನಿಂತಿರಿ ಎಂಬುದನ್ನು ಬರೆದು, ಗುರುತು ಸಿಕ್ಕ ಹಕ್ಕಿಗಳನ್ನೆಲ್ಲ ಸೇರಿಸಿದಾಗ ಪಟ್ಟಿಯಲ್ಲಿ ಇಲ್ಲದ ಹಕ್ಕಿಯೂ ಮಾಹಿತಿಯಾಗುತ್ತದೆ. 2002ರಲ್ಲಿ ಅಮೆರಿಕದಲ್ಲಿ ಶುರುವಾದ, ಹಕ್ಕಿಪಟ್ಟಿಗಳನ್ನು ಕೂಡಿಡುವ ಇ-ಬರ್ಡ್ ಜಾಲತಾಣ "ಕಂಡದ್ದನ್ನೆಲ್ಲ ಬರೆದಿದ್ದೀರಾ?" ಎಂದು ಕೇಳುವುದು ಇದಕ್ಕೇ.

ಗುಬ್ಬಚ್ಚಿಯ ಕಥೆ ನೋಡಿ. ಮೊಬೈಲ್ ಟವರುಗಳು ಗುಬ್ಬಿಗಳನ್ನು ಕೊಂದವು ಎಂಬ ಸುದ್ದಿ ಪ್ರತಿ ಮಾರ್ಚಿನಲ್ಲೂ ಎದ್ದು ಕೂರುತ್ತದೆ. 15,000ಕ್ಕೂ ಹೆಚ್ಚು ಹವ್ಯಾಸಿಗಳ ದಾಖಲೆ ಜಾಲಾಡಿದ 2020ರ ರಾಷ್ಟ್ರೀಯ ವರದಿಯ ಪ್ರಕಾರ, ದೇಶದ ಒಟ್ಟು ಲೆಕ್ಕದಲ್ಲಿ ಗುಬ್ಬಿ ಹೆಚ್ಚುಕಡಿಮೆ ಸ್ಥಿರ. ಬೆಂಗಳೂರೂ ಸೇರಿ ಆರು ಮಹಾನಗರಗಳಲ್ಲಿ ಮಾತ್ರ ಇಳಿಮುಖ. ಟವರಿನ ವಿಕಿರಣವೇ ಕಾರಣ ಎಂಬುದಕ್ಕೆ ಪುರಾವೆ ಸಿಗಲಿಲ್ಲ. ಹಾಜರಿ ಪುಸ್ತಕವಿಲ್ಲದಿದ್ದರೆ ಈ ಜಗಳ ಇನ್ನೂ ಚಹಾದಂಗಡಿಯಲ್ಲೇ ಇರುತ್ತಿತ್ತು.

ಬೆಂಗಳೂರಿಗೆ ಈ ಗೀಳು ಹಳೆಯದು. ಪ್ಲೈವುಡ್ ಸಂಶೋಧನೆಯಲ್ಲಿದ್ದ ಜೋಸೆಫ್ ಜಾರ್ಜ್ 1970ರ ದಶಕದಲ್ಲಿ ಇಲ್ಲಿನ ಹಕ್ಕಿ ವೀಕ್ಷಕರನ್ನು ಒಂದುಗೂಡಿಸಿದರು. ತಿಂಗಳ ಎರಡನೇ ಭಾನುವಾರ ಲಾಲ್‌ಬಾಗ್ ಸುತ್ತುವ ರೂಢಿ ಆ ಗುಂಪಿನದು. ಅವರ ಸಂಪಾದಕತ್ವದಲ್ಲಿ 1994ರಲ್ಲಿ ಬಂದ ಬೆಂಗಳೂರು ಹಕ್ಕಿಗಳ ಪಟ್ಟಿ ಹುಟ್ಟಿದ್ದೂ ಇಂಥ ಭಾನುವಾರದ ನೋಟ್‌ಬುಕ್ಕುಗಳಿಂದಲೇ.

ಈಗ ಕೂಗು ಕೇಳಿಸಿದರೆ ಹೆಸರು ಹೇಳುವ ಮರ್ಲಿನ್ ಆ್ಯಪ್ ಬಂದಿದೆ. ನಾನೂ ಬಳಸುತ್ತೇನೆ, ಆದರೆ ಅದು ಹೇಳಿದ್ದೆಲ್ಲ ಪಟ್ಟಿಗಲ್ಲ. ನಮ್ಮ ಕಾಜಾಣ ಶಿಕ್ರಾ ಎಂಬ ಬೇಟೆಹಕ್ಕಿಯ ಕೂಗನ್ನು ಅಣಕಿಸಿ, ಗೊರವಂಕಗಳನ್ನು ಹೆದರಿಸಿ, ಅವುಗಳ ಹುಳ ಲಪಟಾಯಿಸುವ ಕಳ್ಳ. ಗೊರವಂಕವೇ ಮೋಸಹೋದರೆ ಫೋನಿನ ಪಾಡೇನು? ಹಕ್ಕಿ ಕಣ್ಣಿಗೆ ಬೀಳುವವರೆಗೂ ಪೆನ್ನು ತಡೆಹಿಡಿಯಿರಿ.

ಸೆಪ್ಟೆಂಬರ್ ಹೊತ್ತಿಗೆ ಉತ್ತರದಿಂದ ಬೂದು ಸಿಪಿಲೆ ಬರುತ್ತದೆ. ಪಾರ್ಕಿಂಗ್ ಜಾಗದ ಒದ್ದೆ ನೆಲದಲ್ಲಿ ಬಾಲ ಕುಣಿಸುವುದು ಕಂಡರೆ ದಿನಾಂಕ ಬರೆದಿಡಿ. ಅಂದಹಾಗೆ, ಬಾಲ್ಕನಿಯ ಆ ಪಾರಿವಾಳಗಳು ಎಷ್ಟಿದ್ದವು?