ಟ್ಯಾಂಕರಿನ ಬೆನ್ನ ಮೇಲಿನ ಇಂಗ್ಲಿಷು

ಶಿರಾಡಿ ಘಾಟಿ ಹತ್ತುವ ಮುನ್ನ, ಗುಂಡ್ಯದ ಆಸುಪಾಸಿನ ಹೋಟೆಲುಗಳ ಮುಂದೆ ಅಡುಗೆ ಅನಿಲದ ಟ್ಯಾಂಕರುಗಳು ಸಾಲುಗಟ್ಟಿ ನಿಂತಿರುತ್ತವೆ. ಕಳೆದ ತಿಂಗಳು ಅಂಥದೊಂದು ಸಾಲಿನಲ್ಲಿ ಅಕ್ಕಪಕ್ಕ ನಿಂತಿದ್ದ ಎರಡು ಟ್ಯಾಂಕರುಗಳ ಹಿಂಭಾಗ ಕಂಡು, ಕಾಫಿ ಲೋಟ ಕೈಯಲ್ಲಿ ಹಿಡಿದೇ ಎದ್ದು ಹೋದೆ. ಹಳೆಯದರ ಮೇಲೆ ಕೆಂಪಕ್ಷರದಲ್ಲಿ ‘ಹೈಲಿ ಇನ್‌ಫ್ಲೇಮಬಲ್’ ಎಂದಿತ್ತು. ಹೊಸದರ ಮೇಲೆ ‘ಫ್ಲೇಮಬಲ್ ಗ್ಯಾಸ್’. ಎರಡರೊಳಗೂ ಮಂಗಳೂರಿನಲ್ಲಿ ತುಂಬಿಸಿದ ಅದೇ ಅನಿಲ. ಪದಗಳು ಎರಡಾದರೂ ಅರ್ಥ ಒಂದೇ: ಥಟ್ಟನೆ ಹೊತ್ತಿಕೊಳ್ಳುವಂಥದ್ದು. ಇಂಗ್ಲಿಷಿನ ಅಪಾಯಸೂಚಕ ಪದಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಕತ್ತರಿಸಿಟ್ಟುಕೊಳ್ಳುವ ಅಭ್ಯಾಸ ನನಗೆ ಹಳೆಯದು. ನೂರು ವರ್ಷದ ಒಂದು ವ್ಯಾಜ್ಯದ ವಾದಿ, ಪ್ರತಿವಾದಿ ಇಬ್ಬರೂ ಒಂದೇ ಅಂಗಳದಲ್ಲಿ ಸಿಕ್ಕರೆ ಸುಮ್ಮನೆ ಕೂರುವುದು ಹೇಗೆ?

ಹೊಸ ಟ್ಯಾಂಕರಿನ ಚಾಲಕ ತಮಿಳುನಾಡಿನ ನಾಮಕ್ಕಲ್ ಕಡೆಯವರು. ಅನಿಲ ಟ್ಯಾಂಕರ್ ಉದ್ಯಮಕ್ಕೆ ಆ ಊರು ಹೆಸರುವಾಸಿ. ಎರಡು ಪದಗಳಲ್ಲಿ ಯಾವುದು ಸರಿ ಎಂದು ಕೇಳಿದೆ. ಅವರು ಎರಡನ್ನೂ ಬಿಟ್ಟು, ಫಲಕದಲ್ಲಿದ್ದ ನಾಲ್ಕು ಅಂಕಿಗಳ ಮೇಲೆ ಬೆರಳಿಟ್ಟರು. 1075. “ಫೈರ್‌ನವರು ಬಂದ್ರೆ ಮೊದಲು ಇದನ್ನ ನೋಡ್ತಾರೆ ಸಾರ್” ಎಂದರು. ಅದು ವಿಶ್ವಸಂಸ್ಥೆಯ ಪಟ್ಟಿಯಲ್ಲಿ ದ್ರವೀಕೃತ ಪೆಟ್ರೋಲಿಯಂ ಅನಿಲಕ್ಕೆ ಕೊಟ್ಟ ಸಂಖ್ಯೆ. ಪೆಟ್ರೋಲಿಗೆ 1203, ಅಮೋನಿಯಾಕ್ಕೆ 1005. ಭಾಷೆ ಯಾವುದಾದರೂ ಸಂಖ್ಯೆ ಬದಲಾಗದು. ಪಕ್ಕದಲ್ಲಿ ಹ್ಯಾಜ್‌ಕೆಮ್ ಎಂಬ ಇನ್ನೊಂದು ಸಂಕೇತ. ಅದರ ತುದಿಯಲ್ಲಿ ‘ಇ’ ಎಂಬ ಇಂಗ್ಲಿಷ್ ಅಕ್ಷರವಿದ್ದರೆ ಸುತ್ತಲಿನ ಜನರನ್ನು ತೆರವುಗೊಳಿಸುವ ಬಗ್ಗೆ ಯೋಚಿಸಿ ಎಂದು ಅಗ್ನಿಶಾಮಕರಿಗೆ ಸೂಚನೆ. ಇಷ್ಟನ್ನೂ ಆ ಚಾಲಕರು ಪಾಠ ಒಪ್ಪಿಸುವಷ್ಟು ಚೊಕ್ಕವಾಗಿ ಹೇಳಿದರು. ನನಗೆ ಅವರ ಮೇಲೆ ಗೌರವ ಹುಟ್ಟಿತು.

ಪದಗಳ ವ್ಯಾಜ್ಯಕ್ಕೆ ಬರುತ್ತೇನೆ. ‘ಇನ್‌ಫ್ಲೇಮಬಲ್’ ಲ್ಯಾಟಿನ್ ಮೂಲದ್ದು. ಅಲ್ಲಿ ‘ಇನ್’ ಎಂದರೆ ಒಳಕ್ಕೆ. ಆದರೆ ಇನ್‌ವಿಸಿಬಲ್, ಇನ್‌ಕರೆಕ್ಟ್ ಎಂದು ಕಲಿತ ಕಿವಿಗೆ ‘ಇನ್’ ಎಂದರೆ ‘ಅಲ್ಲ’. ಹಾಗಾಗಿ ಇನ್‌ಫ್ಲೇಮಬಲ್ ಎಂದರೆ ಉರಿಯದ್ದು ಎಂದು ತಿಳಿಯುವವರು ಇದ್ದೇ ಇರುತ್ತಾರೆ. 1920ರ ದಶಕದಲ್ಲಿ ಅಮೆರಿಕದ ಅಗ್ನಿ ಸುರಕ್ಷತಾ ಸಂಘ ‘ಫ್ಲೇಮಬಲ್’ ಎಂದೇ ಬರೆಯಿರಿ ಎಂದು ಒತ್ತಾಯ ಶುರುಮಾಡಿತು. 1959ರಲ್ಲಿ ಬ್ರಿಟನ್ನಿನ ಮಾನಕ ಸಂಸ್ಥೆಯೂ ಅದನ್ನೇ ಹೇಳಿತು. ನಮ್ಮ ದೇಶ 1952ರಲ್ಲಿ ಮಾಡಿದ ಕಾಯ್ದೆಯ ಹೆಸರಿನಲ್ಲೇ ‘ಇನ್‌ಫ್ಲೇಮಬಲ್’ ಇದೆ. ಗುಂಡ್ಯದ ಹಳೆಯ ಟ್ಯಾಂಕರ್ ಆ ಪರಂಪರೆಯದು. ನಾನು ಅಗ್ನಿಶಾಮಕರ ಪಕ್ಷ. ವ್ಯುತ್ಪತ್ತಿ ಎಷ್ಟೇ ಶುದ್ಧವಾಗಿರಲಿ, ಓದಿದವನನ್ನು ದಾರಿ ತಪ್ಪಿಸುವ ಪದಕ್ಕೆ ಟ್ಯಾಂಕರಿನ ಮೇಲೆ ಜಾಗವಿರಬಾರದು.

ಇಲ್ಲಿ ನನ್ನ ಅಚ್ಚುಮೆಚ್ಚಿನ ಮನುಷ್ಯನೊಬ್ಬನ ಬಗ್ಗೆ ಹೇಳಲೇಬೇಕು. ಬೆಂಜಮಿನ್ ಲೀ ವೋರ್ಫ್. ಭಾಷಾವಿಜ್ಞಾನ ಓದಿದವರಿಗೆ ಹೆಸರು ಗೊತ್ತು. ಆತನ ಹೊಟ್ಟೆಪಾಡಿನ ಕೆಲಸ ಅಷ್ಟಾಗಿ ಗೊತ್ತಿರುವುದಿಲ್ಲ. ಕೆಮಿಕಲ್ ಎಂಜಿನಿಯರಿಂಗ್ ಓದಿದ ಆತ 1919ರಿಂದ ಹಾರ್ಟ್‌ಫರ್ಡ್ ನಗರದ ಅಗ್ನಿ ವಿಮಾ ಕಂಪನಿಯಲ್ಲಿ ದುಡಿದ. ಕಾರ್ಖಾನೆಗಳಲ್ಲಿ ಬೆಂಕಿ ಏಕೆ ಬಿತ್ತು ಎಂದು ಪತ್ತೆಮಾಡುವುದು, ಬೀಳದಂತೆ ತಡೆಯುವುದು ಕೆಲಸ. ವರದಿಗಳನ್ನು ಬರೆಯುತ್ತ ಬರೆಯುತ್ತ ಆತನಿಗೆ ಒಂದು ವಿಷಯ ಹೊಳೆಯಿತು. ತಂತಿ ಕೆಟ್ಟಿತ್ತು, ಗಾಳಿಯಾಡುತ್ತಿರಲಿಲ್ಲ ಎಂಬ ಕಾರಣಗಳ ಜತೆಗೆ, ವಸ್ತುವಿಗೆ ಇಟ್ಟ ಹೆಸರೂ ಬೆಂಕಿಗೆ ಕಾರಣವಾಗುತ್ತಿತ್ತು. ಪೆಟ್ರೋಲ್ ತುಂಬಿದ ಪೀಪಾಯಿಗಳ ಹತ್ತಿರ ಕಾರ್ಮಿಕರು ಬಹಳ ಜಾಗ್ರತೆಯಾಗಿರುತ್ತಿದ್ದರು. ‘ಖಾಲಿ’ ಪೀಪಾಯಿಗಳ ಪಕ್ಕದಲ್ಲಿ ಸಿಗರೇಟು ಸೇದಿ ತುಂಡು ಎಸೆಯುತ್ತಿದ್ದರು. ಖಾಲಿ ಪೀಪಾಯಿಯೊಳಗೆ ಸ್ಫೋಟಿಸುವ ಆವಿ ತುಂಬಿರುವುದರಿಂದ ಅದೇ ಹೆಚ್ಚು ಅಪಾಯಕಾರಿ.

ಇನ್ನೊಂದು ಪ್ರಸಂಗ ಇದಕ್ಕಿಂತ ವಿಚಿತ್ರ. ಸೌದೆಯನ್ನು ಬಟ್ಟಿ ಇಳಿಸುವ ಕಾರ್ಖಾನೆಯೊಂದರಲ್ಲಿ ಲೋಹದ ಪಾತ್ರೆಗಳಿಗೆ ಸುಣ್ಣಕಲ್ಲಿನಿಂದ ತಯಾರಿಸಿದ ಹೊದಿಕೆ ಹಾಕಿದ್ದರು. ಕಲ್ಲು ತಾನೇ, ಉರಿಯುವುದೆಂತು ಎಂದು ಯಾರೂ ಅದನ್ನು ಶಾಖದಿಂದ ಕಾಪಾಡುವ ಗೊಡವೆಗೆ ಹೋಗಲಿಲ್ಲ. ಪಾತ್ರೆಗಳಿಂದ ಹೊಮ್ಮಿದ ಅಸಿಟಿಕ್ ಆಮ್ಲದ ಹೊಗೆ ಆ ಕಲ್ಲಿನ ಒಂದಂಶವನ್ನು ಕ್ಯಾಲ್ಸಿಯಂ ಅಸಿಟೇಟ್ ಆಗಿ ಬದಲಿಸಿತ್ತು. ಅದು ಕಾದಾಗ ಅಸಿಟೋನ್ ಬಿಡುತ್ತದೆ, ಅಸಿಟೋನ್ ಬೆಂಕಿಯ ಪರಮ ಮಿತ್ರ. ಒಂದು ದಿನ ಕೆಳಗಿನ ಉರಿ ಮೇಲೇರಿ ‘ಕಲ್ಲು’ ಧಗಧಗ ಉರಿಯಿತು. ಇವನ್ನೆಲ್ಲ ವೋರ್ಫ್ 1939ರಲ್ಲಿ ಪ್ರಬಂಧವಾಗಿ ಬರೆದ. ಅದು ಅಚ್ಚಾದ 1941ರಲ್ಲೇ, 44ನೇ ವಯಸ್ಸಿನಲ್ಲಿ ತೀರಿಕೊಂಡ. ಅಮೆರಿಕದ ಮೂಲನಿವಾಸಿಗಳ ಹೋಪಿ ಭಾಷೆಗೂ ಕಾಲದ ಕಲ್ಪನೆಗೂ ಗಂಟುಹಾಕಿ ಆತ ಕಟ್ಟಿದ ದೊಡ್ಡ ಸಿದ್ಧಾಂತ ಆಮೇಲಿನ ಸಂಶೋಧನೆಯ ಮುಂದೆ ನಿಲ್ಲಲಿಲ್ಲ, ನನಗೂ ಅದರಲ್ಲಿ ನಂಬಿಕೆಯಿಲ್ಲ. ಬೆಂಕಿಯ ವರದಿಗಳನ್ನು ಮಾತ್ರ ಪೂರ್ತಿ ನಂಬುತ್ತೇನೆ. ಗುಂಡ್ಯದಲ್ಲಿ ಖಾಲಿ ಪೀಪಾಯಿಯ ಕಥೆ ಹೇಳಿದಾಗ ಚಾಲಕರು ತಲೆದೂಗಿ, “ಖಾಲಿ ಗಾಡೀನ ಹಾಗೇ ವೆಲ್ಡಿಂಗಿಗೆ ಬಿಡೋ ಹಾಗಿಲ್ಲ ಸಾರ್, ಒಳಗಿನ ಗ್ಯಾಸ್ ಪೂರ್ತಿ ತೆಗೆದು ಚೆಕ್ ಮಾಡ್ಬೇಕು” ಎಂದರು.

ಡೇಂಜರ್, ವಾರ್ನಿಂಗ್, ಕಾಷನ್ ಎಂಬ ಮೂರು ಪದಗಳಿಗೂ ಲೆಕ್ಕಾಚಾರವಿದೆ. ಅಮೆರಿಕದ ಮಾನಕದ ಪ್ರಕಾರ ಡೇಂಜರ್ ಎಂದರೆ ತಪ್ಪಿಸಿಕೊಳ್ಳದಿದ್ದರೆ ಸಾವು ಅಥವಾ ಭಾರೀ ಗಾಯ ಖಚಿತ. ವಾರ್ನಿಂಗ್ ಎಂದರೆ ಆಗಬಹುದು. ಕಾಷನ್ ಎಂದರೆ ಸಣ್ಣಪುಟ್ಟ ಗಾಯ. ರಾಸಾಯನಿಕಗಳಿಗಾಗಿ ವಿಶ್ವಸಂಸ್ಥೆ 2003ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ಕಾಷನ್‌ಗೆ ಜಾಗವಿಲ್ಲ, ಇರುವುದು ಉಳಿದೆರಡೇ. ಒಳ್ಳೆಯದೇ ಆಯಿತು. ಅಪಾಯದ ಎದುರು ನಿಂತವನಿಗೆ ನಿಘಂಟು ಬಿಡಿಸುವಷ್ಟು ವ್ಯವಧಾನ ಇರುವುದಿಲ್ಲ.

ಆದರೆ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಅಪಾಯಕಾರಿ ಸರಕು ಸಾಗಿಸುವ ಚಾಲಕನಿಗೆ ಒಂದು ಭಾರತೀಯ ಭಾಷೆಯ ಜತೆ ಇಂಗ್ಲಿಷನ್ನೂ ಓದಿ ಬರೆಯಲು ಬರಬೇಕು, ವಿಶೇಷ ತರಬೇತಿಯೂ ಆಗಿರಬೇಕು. ಸರಿ. ಟ್ಯಾಂಕರ್ ಉರುಳಿದಾಗ ಮೊದಲು ಓಡಿಬರುವವರು ಯಾರು? ತೋಟದ ಕೆಲಸದವರು, ಅಂಗಡಿಯವರು, ಹಿಂದೆ ಬಂದ ಬಸ್ಸಿನ ಪ್ರಯಾಣಿಕರು. 2012ರ ಆಗಸ್ಟ್‌ನಲ್ಲಿ ಕಣ್ಣೂರಿನ ಚಾಲಾದಲ್ಲಿ, 2013ರ ಏಪ್ರಿಲ್‌ನಲ್ಲಿ ನಮ್ಮ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಅನಿಲ ಟ್ಯಾಂಕರುಗಳು ಉರುಳಿ, ಅನಿಲಕ್ಕೆ ಬೆಂಕಿ ತಗಲಿ ರಸ್ತೆಬದಿಯ ಮನೆಗಳವರೂ ಸುಟ್ಟು ಸತ್ತರು. ಈ ಅನಿಲ ಗಾಳಿಗಿಂತ ಭಾರ. ಮೇಲೇರದೆ ನೆಲಕ್ಕಂಟಿ ಹರಿದು, ತಗ್ಗಿಗೆ, ಚರಂಡಿಗೆ, ಅಂಗಳ ದಾಟಿ ಒಲೆಯವರೆಗೆ ಬರುತ್ತದೆ. ಅಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಗುಂಡ್ಯದಲ್ಲಿ ನಾನು ಕಂಡ ಟ್ಯಾಂಕರುಗಳ ಮೇಲೆ ಕನ್ನಡದಲ್ಲಿ ಒಂದಕ್ಷರವೂ ಇರಲಿಲ್ಲ.

ಹಾಗೆ ಬರೆಸುವುದು ಹೊಸ ಸಂಗತಿಯೇನಲ್ಲ. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳು ಅಪಾಯ ಫಲಕವನ್ನು ಹಿಂದಿ ಅಥವಾ ಇಂಗ್ಲಿಷಿನ ಜತೆ ಆಯಾ ಜಿಲ್ಲೆಯ ಭಾಷೆಯಲ್ಲೂ, ತಲೆಬುರುಡೆಯ ಚಿತ್ರದೊಂದಿಗೆ ಹಾಕಬೇಕೆಂದು ವಿಧಿಸಿದ್ದವು. ಟ್ರಾನ್ಸ್‌ಫಾರ್ಮರಿನ ಕಂಬದಲ್ಲಿ ‘ಅಪಾಯ’ ಎಂಬ ಕನ್ನಡ ಪದ ನಮ್ಮ ಹಳ್ಳಿಹಳ್ಳಿಯಲ್ಲಿ ಕಾಣುತ್ತಿರುವುದರ ಹಿಂದೆ ಆ ನಿಯಮವಿದೆ. ಕಂಬ ನಿಂತಲ್ಲೇ ನಿಲ್ಲುತ್ತದೆ, ಟ್ಯಾಂಕರ್ ನಾಲ್ಕು ರಾಜ್ಯ ಸುತ್ತುತ್ತದೆ, ಎಷ್ಟು ಭಾಷೆಯಲ್ಲಿ ಬರೆಸುವುದು ಎಂದು ಕೇಳುವವರಿದ್ದಾರೆ. ಮಂಗಳೂರಿನಲ್ಲಿ ತುಂಬಿ ಶಿರಾಡಿ ಹತ್ತುವ ಗಾಡಿ ಯಾವ ಊರುಗಳನ್ನು ಹಾಯುತ್ತದೆಂದು ತೈಲ ಕಂಪನಿಗಳಿಗೆ ಚೆನ್ನಾಗಿ ಗೊತ್ತು. ಅಗಲವಾದ ಆ ಬೆನ್ನಿನ ಮೇಲೆ ಜಾಗಕ್ಕೂ ಕೊರತೆಯಿಲ್ಲ. ‘ಅನಿಲ ಸೋರಿದರೆ ಎಂಜಿನ್ ನಿಲ್ಲಿಸಿ. ಬೆಂಕಿ ಹಚ್ಚಬೇಡಿ. ಗಾಳಿ ಬೀಸಿ ಬರುವ ಕಡೆಗೆ, ಎತ್ತರಕ್ಕೆ ಓಡಿ.’ ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆಸಬೇಕು. ತೈಲ ಕಂಪನಿಗಳೂ ಸಾರಿಗೆ ಇಲಾಖೆಯೂ ಇದನ್ನು ಕೂಡಲೇ ಕೈಗೆತ್ತಿಕೊಳ್ಳಲಿ. ಬರೆಸುವವರೆಗೂ, ಹೆದ್ದಾರಿಯ ಬದಿಯಲ್ಲಿ ಬದುಕುವವರು ಈ ಮೂರು ಮಾತುಗಳನ್ನು ಮನೆಮಂದಿಗೆಲ್ಲ ಹೇಳಿಕೊಡಿ.