ಹೃದಯದ ಕವಾಟ ಮತ್ತು ಹಸಿ ಹಾಲು

ಬಾಲ್ಯದ ಕೀಲುಜ್ವರದಿಂದ ಹೃದಯದ ಕವಾಟ ಕೆಟ್ಟವರು, ಕೃತಕ ಕವಾಟ ಹಾಕಿಸಿಕೊಂಡವರು ಬಿಡದ ಜ್ವರವನ್ನು ಹಗುರವಾಗಿ ಎಣಿಸಬಾರದು. ಕವಾಟಕ್ಕೆ ಸೋಂಕು ತಗುಲುವುದು ಹೆಚ್ಚಾಗಿ ಬಾಯಿ, ಚರ್ಮಗಳ ರೋಗಾಣುಗಳಿಂದ. ಆಕಳು ಕಂದು ಹಾಕಲು ಕಾರಣವಾಗುವ ಬ್ರುಸೆಲ್ಲಾ ಎಂಬ ರೋಗಾಣುವೂ ಹಸಿ ಹಾಲಿನ ಮೂಲಕ ದೇಹ ಸೇರಿ, ಅಪರೂಪಕ್ಕೆ ಕವಾಟವನ್ನು ಹಿಡಿಯುತ್ತದೆ. ಜೀವಕೋಶದೊಳಗೆ ಅವಿತಿರುವ ಇದಕ್ಕೆ ಒಂದೇ ಔಷಧ ಸಾಲದು. ಹಲವು ಆಂಟಿಬಯೋಟಿಕ್‌ಗಳನ್ನು ಕೂಡಿಸಿ ತಿಂಗಳುಗಟ್ಟಲೆ ಕೊಡಬೇಕು, ಅನೇಕರಿಗೆ ಕವಾಟವನ್ನೇ ಬದಲಿಸಬೇಕು.

ಅಂಗಡಿಯಿಂದ ತಂದು ನುಂಗಿದ ನಾಲ್ಕು ಗುಳಿಗೆಗಳಿಂದ ರಕ್ತದ ಕಲ್ಚರ್ ಪರೀಕ್ಷೆಯಲ್ಲಿ ರೋಗಾಣು ಸಿಗದೆ ಹೋಗಬಹುದು. ಇಂಥ ಅರೆಬರೆ ಸೇವನೆಯೇ ರೋಗಾಣುಗಳು ಔಷಧಕ್ಕೆ ಮಣಿಯದಂತೆ ಬೆಳೆಯಲು ದಾರಿ.

ನಾವು ಆಯುರ್ವೇದ ವೈದ್ಯರಾದರೂ ಇಂಥವರಿಗೆ ಕಷಾಯ ಕೊಟ್ಟು ಕಾಯುವುದಿಲ್ಲ. ಗುಳಿಗೆಗೆ ಮೊದಲೇ ರಕ್ತಪರೀಕ್ಷೆಯಾಗಲೆಂದು ವಿದ್ಯಾನಗರದ ಕೆಎಂಸಿಆರ್‌ಐನಂಥ (ಹಿಂದಿನ ಕಿಮ್ಸ್) ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತೇವೆ. ಸದ್ಭಕ್ತರು ಮನೆಯ ಆಕಳಿನದಾದರೂ ಹಾಲನ್ನು ಕುದಿಸಿಯೇ ಕುಡಿಯಬೇಕು.